ಮೀಟರ್‌ನಲ್ಲಿ 3.4 ಅಂದರೆ ಎಷ್ಟು ಹೊತ್ತು? ಜೆಸಿಬಿ ಆಪರೇಟರ್‌ಗಳಿಗೆ ಒಂದಿಷ್ಟು ಮೊಬೈಲ್ ಪಾಠ

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಸಿದೆವು. ಸಂಜೆ ಲೆಕ್ಕಕ್ಕೆ ಕೂತಾಗ ಜೆಸಿಬಿ ಹುಡುಗ "3.4 ಆಗಿದೆ ಅಣ್ಣಾ" ಅಂದ. ನಾನು 3 ಗಂಟೆ 40 ನಿಮಿಷ ಅಂತ ಹಿಡಿದು ದುಡ್ಡು ಎಣಿಸಿದೆ. ಅವನೂ ಹಾಗೇ ಅಂದುಕೊಂಡಿದ್ದ. ರಾತ್ರಿ ಅವನ ಓನರ್ ಫೋನ್ ಮಾಡಿ ನಕ್ಕರು: "16 ನಿಮಿಷದ ದುಡ್ಡು ಜಾಸ್ತಿ ಕೊಟ್ಟಿದ್ದೀರಿ ಮಾರಾಯ್ರೆ."

ಇಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಮೀಟರ್‌ನಲ್ಲಿ ಚುಕ್ಕಿ ಆದ ಮೇಲೆ ಬರುವುದು ನಿಮಿಷವಲ್ಲ, ಗಂಟೆಯ ಹತ್ತರಲ್ಲಿ ಒಂದು ಪಾಲು. ಒಂದು ಅಂಕಿಗೆ 6 ನಿಮಿಷ. ಹಾಗಾಗಿ .4 ಅಂದರೆ 24 ನಿಮಿಷ, .5 ಅಂದರೆ ಅರ್ಧ ಗಂಟೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 3.4ನ್ನು ಗಂಟೆಯ ದರದಿಂದ ನೇರವಾಗಿ ಗುಣಿಸಿದರೆ ಮುಗಿಯಿತು, ನಿಮಿಷದ ಗೊಡವೆಯೇ ಬೇಡ.

ಇನ್ನು ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಫೋಟೊ. ಬಕೆಟ್ ನೆಲಕ್ಕೆ ತಾಗಿಸುವ ಮುಂಚೆ ಮೀಟರ್‌ನದ್ದೊಂದು, ಕೆಲಸ ಮುಗಿದ ಕೂಡಲೇ ಇನ್ನೊಂದು. ಎರಡರ ವ್ಯತ್ಯಾಸವೇ ಕೆಲಸದ ಗಂಟೆ. ಮೊದಲು ಗಾಜಿನ ಮೇಲಿನ ಕೆಮ್ಮಣ್ಣಿನ ಧೂಳು ಒರೆಸಿ. ಇಲ್ಲದಿದ್ದರೆ 8 ಯಾವುದು, 3 ಯಾವುದು ಅಂತ ಮತ್ತೆ ಜಗಳ! ಎರಡನ್ನೂ ಓನರ್‌ಗೂ ಕೆಲಸ ಮಾಡಿಸಿದವರಿಗೂ ವಾಟ್ಸ್‌ಆ್ಯಪ್ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೂ ಕಳಿಸಿಡಿ, ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ. ಆದರೆ ಫೋನಿನಲ್ಲಿರುವ ಮೂಲ ಫೋಟೊ ಅಳಿಸಬೇಡಿ. ತೆಗೆದ ಹೊತ್ತಿನ ವಿವರ ಅದರಲ್ಲೇ ಇರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಹೋದದ್ದರಲ್ಲಿ ಉಳಿಯುವುದಿಲ್ಲ. ಇನ್ನೊಂದು ಮಾತು: ಊಟದ ಹೊತ್ತಲ್ಲಿ ಇಂಜಿನ್ ಸುಮ್ನೆ ಓಡುತ್ತಿದ್ದರೂ ಮೀಟರ್ ಓಡುತ್ತದೆ. ಆಫ್ ಮಾಡಿ ಊಟಕ್ಕೆ ಕೂರಿ.

ಹೊಸ ಗಾಡಿಗಳಲ್ಲಿ ಇನ್ನೊಬ್ಬ ಲೆಕ್ಕದವನೂ ಕೂತಿರುತ್ತಾನೆ. ಜೆಸಿಬಿಯಲ್ಲಿ ಅದರ ಹೆಸರು ಲೈವ್‌ಲಿಂಕ್, ಕೊಮಾಟ್ಸುನಲ್ಲಿ ಕೊಮ್‌ಟ್ರ್ಯಾಕ್ಸ್. ಗಾಡಿ ಎಲ್ಲಿದೆ, ಎಷ್ಟು ಗಂಟೆ ಓಡಿತು ಅನ್ನುವುದೆಲ್ಲ ಓನರ್‌ನ ಮೊಬೈಲ್‌ಗೆ ಹೋಗುತ್ತದೆ. "ನಮ್ಮ ಮೇಲೆ ಕಣ್ಣಿಡೋಕೆ ಹಾಕಿದ್ದಾರೆ" ಅಂತ ಹುಡುಗರು ಗೊಣಗುತ್ತಾರೆ. ಸುಳ್ಳೇನಲ್ಲ. ಆದರೆ ನೀವು ದಿನವಿಡೀ ದುಡಿದದ್ದಕ್ಕೂ ಅದೇ ಸಾಕ್ಷಿ, ಅಲ್ವಾ? ವಾರಕ್ಕೊಮ್ಮೆ ಓನರ್ ಹತ್ತಿರ ಕೇಳಿ ನಿಮ್ಮ ಗಾಡಿಯ ಪುಟ ನೋಡಿ. ಡೀಸೆಲ್ ಲೆಕ್ಕದ ಅನುಮಾನ ಅಲ್ಲೇ ಬಗೆಹರಿಯಬಹುದು. ಹೊಸನಗರ, ಆಗುಂಬೆ ಕಡೆಯ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಸಿಗದಿದ್ದರೆ ಗಾಡಿ ನಿನ್ನೆ ಇದ್ದ ಜಾಗದಲ್ಲೇ ಇದೆ ಅಂತ ಓನರ್‌ಗೆ ಕಾಣಬಹುದು. ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು ತಿಳಿಸಿಬಿಡಿ.

ಗಾಡಿಯ ಪರದೆ ಮೇಲೆ ಕೆಂಪು ದೀಪ ಹತ್ತಿದರೆ ಕೆಲಸ ನಿಲ್ಲಿಸಿ. ಏನು ಕೆಟ್ಟಿದೆ ಅಂತ ಸೂಚಿಸುವ ಕೋಡ್ ಬಂದರೆ ಮೆಕ್ಯಾನಿಕ್‌ಗೆ ಬಾಯಲ್ಲಿ ಹೇಳಲು ಹೋಗಬೇಡಿ, ಫೋಟೊ ಕಳಿಸಿ.

ರಸ್ತೆ ಬದಿ ಚರಂಡಿಯೋ ಪೈಪ್‌ಲೈನೋ ತೆಗೆಯುವಾಗ ಮಾತ್ರ ಅವಸರ ಬೇಡವೇ ಬೇಡ. ಮಣ್ಣಿನಡಿ ಆಪ್ಟಿಕಲ್ ಕೇಬಲ್ ಇರಬಹುದು. ಬಕೆಟ್ ಹಲ್ಲಿಗೆ ಅದು ಬೇರಿನ ಹಾಗೆ ಸಿಕ್ಕಿ ಕಿತ್ತು ಬರುತ್ತದೆ, ಆಮೇಲೆ ಸುತ್ತಲಿನ ಊರುಗಳಿಗೆ ಫೋನೂ ಇಲ್ಲ, ಬ್ಯಾಂಕೂ ಇಲ್ಲ. ಇದಕ್ಕೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಅಗೆಯುವ ಜಾಗ ಅದರಲ್ಲಿ ಹಾಕಿದರೆ ಅಲ್ಲಿ ಕೇಬಲ್, ಪೈಪ್ ಇರುವವರಿಗೆ ಸುದ್ದಿ ಹೋಗುತ್ತದೆ. ಹಾಕಬೇಕಾದವರು ಕಂಟ್ರಾಕ್ಟರ್. ಗಾಡಿ ಇಳಿಸುವ ಮುಂಚೆ "ಹಾಕಿದ್ದೀರಾ ಸಾರ್, ಉತ್ತರ ಬಂತಾ?" ಅಂತ ಕೇಳಿ. ಬೈದರೆ ಬೈಯಲಿ.

ಕೊನೆಗೆ ದುಡ್ಡು. "ದೊಡ್ಡ ಕೆಲಸ ಇದೆ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ನಮಗೆ ದುಡ್ಡು ಬರಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುವುದೇ. ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ನಿಮ್ಮ ಖಾತೆ ನೋಡಿಯೇ ಗಾಡಿ ತೆಗೆಯಿರಿ. ಮೋಸ ಹೋದದ್ದು ಗೊತ್ತಾದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಹೋದ ಮೆಸೇಜ್ ಅಳಿಸಬೇಡಿ, ಅದರಲ್ಲಿರುವ ಪಾವತಿಯ ನಂಬರ್ ಅವರು ಕೇಳುತ್ತಾರೆ.