ಬೆಳಕಿಗಿಂತ ಫಾಸ್ಟ್ ನಡೆದ ಮಕ್ಕಳು

ಉಡುಪಿ ಹತ್ರದ ಒಂದು ಹೈಸ್ಕೂಲಲ್ಲಿ ನಾನು ಸೈನ್ಸ್ ಮೇಷ್ಟ್ರು. ಸೌರಮಂಡಲದ ಪಾಠಕ್ಕೆ ಚಾರ್ಟ್ ತೋರಿಸುದನ್ನು ಬಿಟ್ಟು ತುಂಬ ಸಮಯ ಆಯ್ತು, ಯಾಕಂದ್ರೆ ಚಾರ್ಟಲ್ಲಿ ಎಂಟೂ ಗ್ರಹಗಳು ಸೂರ್ಯನ ಪಕ್ಕ ಒತ್ತೊತ್ತಾಗಿ ನಿಂತಿರ್ತವೆ, ಮಕ್ಕಳ ತಲೆಯಲ್ಲಿ ಕೂರುದೂ ಅದೇ. ಈಗ ಸೀದಾ ಮಲ್ಪೆ ಬೀಚಿಗೆ ಕರ್ಕೊಂಡು ಹೋಗುದು, ಬೆಳಿಗ್ಗೆ ಬೇಗ, ನೀರು ಇಳಿದಿರುವಾಗ.

ಲೆಕ್ಕ ಒಂದೇ: 1 ಮಿ.ಮೀ. ಅಂದ್ರೆ 1000 ಕಿ.ಮೀ. ಹಾಗೆ ನೋಡಿದ್ರೆ ಸೂರ್ಯ 1.4 ಮೀಟರ್ ಅಗಲ, ಹಗ್ಗ ಹಿಡಿದು ಮರಳಲ್ಲಿ ವೃತ್ತ ಗೀಚಿದ್ರೆ ಮುಗೀತು. ಭೂಮಿ 13 ಮಿ.ಮೀ. ಮಣ್ಣಿನ ಉಂಡೆ, ಚಂದ್ರ ಅದರಿಂದ 38 ಸೆಂ.ಮೀ. ಆಚೆ ಒಂದು ಒಳ್ಳೆಮೆಣಸಿನ ಕಾಳು. ಸೂರ್ಯನಿಂದ ಭೂಮಿಗೆ 150 ಮೀಟರ್. ಟೇಪ್ ಹಿಡಿದು ಅಷ್ಟು ದೂರ ಹೋಗುವಾಗ್ಲೇ "ಸರ್ ಇನ್ನೂ ಉಂಟಾ?" ಅಂತ ಶುರುವಾಗ್ತದೆ.

ಮಜಾ ಇರುದು ಇದರ ನಂತರ. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೋಗ್ತದಲ್ಲ, ನಮ್ಮ ಲೆಕ್ಕಕ್ಕೆ ಇಳಿಸಿದ್ರೆ ಅದು ಬರೀ 30 ಸೆಂ.ಮೀ., ಬ್ಯಾಗಲ್ಲಿರುವ ಸ್ಕೇಲಿನಷ್ಟು! ಒಬ್ಬ ಬೆಳಕು ಆಗ್ತಾನೆ, ಇನ್ನೊಬ್ಬಳು ವಾಚ್ ನೋಡಿ ಸೆಕೆಂಡಿಗೊಂದು ಚಪ್ಪಾಳೆ ಹೊಡೀತಾಳೆ, ಒಂದು ಚಪ್ಪಾಳೆಗೆ ಒಂದೇ ಸ್ಕೇಲ್ ದೂರ ಜರುಗ್ಬೇಕು. ಉಳಿದವರು ಮಾಮೂಲಿಯಾಗಿ ನಡೆದು ಎರಡು ಮಿನಿಟಲ್ಲಿ ಭೂಮಿ ಹತ್ರ ಹೋಗಿ ಕೂತು, ಬೆಳಕಿಗೆ ಬೊಬ್ಬೆ ಹಾಕ್ತಾ ಇರ್ತಾರೆ, ಬೇಗ ಬಾ ಮಾರಾಯ ಅಂತ. ಅವನು ಮುಟ್ಟುವಾಗ 8 ಮಿನಿಟ್ 20 ಸೆಕೆಂಡ್. ಪುಸ್ತಕದಲ್ಲಿರುವ ಅದೇ ನಂಬರ್, ಆದ್ರೆ ಈಗ ಬಿಸಿಲಲ್ಲಿ ಕಾದು ಬೋರಾಗಿ ಬಂದದ್ದು, ಹಾಗಾಗಿ ಮರೆಯುದಿಲ್ಲ.

ನೆಪ್ಚೂನಿಗೆ ಯಾರೂ ನಡೆಯುದು ಬೇಡ, ಅದು 4.5 ಕಿ.ಮೀ., ಹೆಚ್ಚು ಕಮ್ಮಿ ಉಡುಪಿಯಿಂದ ಮಣಿಪಾಲಕ್ಕೆ ಹೋದ ಹಾಗೆ, ಬೆಳಕಿಗೆ ನಾಲ್ಕು ಗಂಟೆ ದಾರಿ. ಸೂರ್ಯ ಬಿಟ್ರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇದೇ ಲೆಕ್ಕದಲ್ಲಿ 40,000 ಕಿ.ಮೀ., ಅಂದ್ರೆ ನಿಜವಾದ ಭೂಮಿಗೇ ಒಂದು ಸುತ್ತು ಹಾಕ್ಬೇಕು. ಇದು ಕೇಳಿದ ಮೇಲೆ ಒಂದು ನಿಮಿಷ ಯಾರೂ ಗಲಾಟೆ ಮಾಡುದಿಲ್ಲ, ಮೇಷ್ಟ್ರಿಗೆ ಅದು ದೊಡ್ಡ ಬೋನಸ್ಸು.

ಅದೇ ಬೀಚಲ್ಲಿ ನೀರಿನ ರಾಕೆಟ್ ಬಿಡುದೂ ಉಂಟು, ಅದು ಸುಲಭ. ಸೋಡಾ ಬಾಟ್ಲಿ (ನೀರಿನ ಬಾಟ್ಲಿ ತೆಳು, ಅದು ಬೇಡ್ವೇ ಬೇಡ), ರಬ್ಬರ್ ಬಿರಡೆ, ಟ್ಯೂಬಿನ ವಾಲ್ವ್, ಸೈಕಲ್ ಪಂಪ್. ಖಾಲಿ ಬಾಟ್ಲಿ ಸ್ವಲ್ಪ ಹಾರಿ ಬೀಳ್ತದೆ, ತುಂಬಿಸಿದ್ರೆ ಗಾಳಿಗೆ ಜಾಗ ಇಲ್ಲ, ಮೂರರಲ್ಲಿ ಒಂದು ಪಾಲು ನೀರು ಹಾಕಿದ್ರೆ ಸುಂಯ್ ಅಂತ ಮೇಲೆ. ಕೆಳಗೆ ಎಸೀಲಿಕ್ಕೆ ಭಾರದ್ದು ಎಂತಾದ್ರೂ ಬೇಕು ಅಂತ ಮಕ್ಕಳೇ ಹೇಳ್ತಾರೆ. ಎಲ್ಲರೂ ದೂರ ನಿಲ್ಬೇಕು, ಇದ್ರಲ್ಲಿ ನಾನು ಭಾರೀ ಸ್ಟ್ರಿಕ್ಟ್.

ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಮಾಡಿದ ವಿಜ್ಞಾನಿ ಯು.ಆರ್. ರಾವ್ ಹುಟ್ಟಿದ್ದು ಇಲ್ಲೇ ಅದಮಾರಲ್ಲಿ ಅಂತ ಹೇಳಿದಾಗ ಒಬ್ಬ ಕೇಳಿದ, "ಮತ್ತೆ ರಾಕೆಟ್ ಮಲ್ಪೆಯಿಂದ ಯಾಕೆ ಬಿಡುದಿಲ್ಲ ಸರ್?" ಒಳ್ಳೆ ಪ್ರಶ್ನೆ, ಇಸ್ರೋ ರಾಕೆಟ್ ಬಿಡುವ ಶ್ರೀಹರಿಕೋಟ ಮತ್ತು ಉಡುಪಿ ಹೆಚ್ಚು ಕಮ್ಮಿ ಒಂದೇ ಅಕ್ಷಾಂಶದಲ್ಲಿ ಉಂಟು. ಭೂಮಿ ಪೂರ್ವಕ್ಕೆ ತಿರುಗ್ತದೆ, ಹಾಗಾಗಿ ಪೂರ್ವಕ್ಕೆ ಬಿಟ್ಟ ರಾಕೆಟಿಗೆ ಇಲ್ಲಿ ಸೆಕೆಂಡಿಗೆ 450 ಮೀಟರ್ ಫ್ರೀ ಸ್ಪೀಡ್ ಸಿಗ್ತದೆ, ಆದ್ರೆ ನಮ್ಮ ಪೂರ್ವಕ್ಕೆ ಊರು, ಘಟ್ಟ, ಜನ. ಅಲ್ಲಿ ಪೂರ್ವಕ್ಕೆ ಸಮುದ್ರ. "ಹಾಗಾದ್ರೆ ನಾವು ಪಶ್ಚಿಮಕ್ಕೆ ಬಿಡುವ." ಬಿಡ್ಬಹುದು, ಇಸ್ರೇಲ್ ಹಾಗೇ ಬಿಡ್ತದೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಪೆನ್ನು ತೆಗೆದು, "450 ಸಿಗುದೂ ಇಲ್ಲ, ಮತ್ತೆ 450 ಕೈಯಿಂದ ಹೋಗ್ತದೆ, ಒಟ್ಟು 900 ಲಾಸ್. ಬೇಡ ಸರ್, ಅಲ್ಲೇ ಇರ್ಲಿ" ಅಂದ್ಲು.