ಅಂಟು ಮೆತ್ತಿದ ಕಾರ್ಡು, ಬರ್ಡಿಕ್ ಕೊಟ್ಟ ನಂಬರು

ನಾನು ಹಳೇ ಬೇಸ್‌ಬಾಲ್ ಕಾರ್ಡ್ ಕೂಡಿಡ್ತೀನಿ ಅಂದ್ರೆ ಇಲ್ಲಿ ನ್ಯೂಜೆರ್ಸಿಲಿರೋ ನಮ್ ಜನ ಮೊದ್ಲು ಕೇಳೋದೇ "ಎಷ್ಟಕ್ಕೆ ಹೋಗತ್ತೆ ಮಾರಾಯ?" ಅಂತ. ಚಿಕ್ಕೋರಿದ್ದಾಗ ಬಿಗ್ ಫನ್ ಬಬಲ್‌ಗಮ್ ಜೊತೆ ಬರ್ತಿದ್ದ ಕ್ರಿಕೆಟ್ ಚೀಟಿ ಜೋಡಿಸಿದ್ದೋರಿಗೆ ಮಾತ್ರ ಈ ಹುಚ್ಚು ಹೇಳದೇನೇ ಅರ್ಥ ಆಗತ್ತೆ.

ನಂದು ಮುಖ್ಯವಾಗಿ ಟಿ206. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪ್ನಿಯೋರು ಸಿಗರೇಟ್, ತಂಬಾಕು ಪ್ಯಾಕಲ್ಲಿ ಇಟ್ಟು ಕೊಡ್ತಿದ್ದ ಪುಟ್ಟ ಕಾರ್ಡು. ಈ "ಟಿ206" ಅನ್ನೋ ಹೆಸ್ರು ಕಂಪ್ನಿ ಇಟ್ಟಿದ್ದಲ್ಲ, ಜೆಫರ್ಸನ್ ಬರ್ಡಿಕ್ ಅಂತ ಸಿರಾಕ್ಯೂಸ್‌ನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಫ್ಯಾಕ್ಟರಿಲಿ ಕೆಲ್ಸಕ್ಕಿದ್ದ ಒಬ್ಬ ಮನುಷ್ಯ ಕೊಟ್ಟಿದ್ದು. 20ನೇ ಶತಮಾನದ ತಂಬಾಕು ಕಾರ್ಡಿಗೆ ಟಿ, 19ನೇದಕ್ಕೆ ಎನ್, ಹಳೇ ಮಿಠಾಯಿ ಕಾರ್ಡಿಗೆ ಇ, ಆಮೇಲಿನ ಗಮ್ ಕಾರ್ಡಿಗೆ ಆರ್, ಹಿಂಗೆ ವಿಂಗಡಿಸಿ 1939ರಲ್ಲಿ ಕ್ಯಾಟಲಾಗ್ ಮಾಡಿದ, ಅದೇ ಮುಂದೆ ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಆಯ್ತು, ಈಗ್ಲೂ ಲಕ್ಷಾಂತರ ಡಾಲರ್ ಹರಾಜಲ್ಲಿ ಕೂಗೋದು ಅದೇ ನಂಬರು.

ಈ ಮನುಷ್ಯನಿಗೆ ಸಂಧಿವಾತ, ಕೈಬೆರಳೆಲ್ಲ ಸೊಟ್ಟಗಾಗಿತ್ತು. 1947ರಿಂದ ತನ್ನ ಸಂಗ್ರಹ ಪೂರ್ತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ಗೆ ಕೊಡೋಕೆ ಶುರು ಮಾಡಿ, ಕೊನೆಗೆ ತಾನೇ ಅಲ್ಲಿಗೆ ಬಂದು ಕೂತು ಆಲ್ಬಮ್‌ಗೆ ಅಂಟಿಸಿದ, ಪೋಸ್ಟ್‌ಕಾರ್ಡು ಜಾಹೀರಾತು ಕಾರ್ಡು ಎಲ್ಲಾ ಸೇರಿ 3 ಲಕ್ಷದ ಮೇಲೆ, ಅದ್ರಲ್ಲಿ ಬೇಸ್‌ಬಾಲಿಂದು ಸುಮಾರು 30,000. ಜನವರಿ 1963ರಲ್ಲಿ ಕೆಲ್ಸ ಮುಗೀತು, ಮಾರ್ಚಲ್ಲಿ ತೀರ್ಕೊಂಡ. ದೊಡ್ಡ ಲೀಗಿನ ಒಂದು ಮ್ಯಾಚೂ ಹೋಗಿ ನೋಡಿರ್ಲಿಲ್ಲ ಅಂತಾರೆ!

ಅಂಟಿಸಿದ್ದಕ್ಕೆ ಈಗಿನ ಕಲೆಕ್ಟರ್ಸ್ ಹೊಟ್ಟೆ ಉರ್ಕೊಳ್ತಾರೆ, ಹಿಂದ್ಗಡೆ ಗೋಂದು ಬಿದ್ರೆ ಗ್ರೇಡೂ (ಕಾರ್ಡಿನ ಕಂಡಿಶನ್‌ಗೆ ಕೊಡೋ ಅಂಕ) ಬಿತ್ತು, ರೇಟೂ ಬಿತ್ತು. ನನ್ ಪ್ರಕಾರ ಅಂಟಿಸಿದ್ದೇ ಒಳ್ಳೇದಾಯ್ತು, ಬಿಡಿ ಬಿಡಿಯಾಗಿ ಇಟ್ಟಿದ್ರೆ ಇಷ್ಟೊತ್ತಿಗೆ ಎಷ್ಟು ಮಂದಿ ಜೇಬಿಗೆ ಹೋಗಿರ್ತಿತ್ತೋ. ಹಂಗಂತ ಆ ಕಾಲದೋರೆಲ್ಲ ಹಿಂಗೇ ಇದ್ರು ಅಂತಲ್ಲ, ಇಲಿನಾಯ್ ಕಡೆಯ ಲಯೊನೆಲ್ ಕಾರ್ಟರ್ ಕಾರ್ಡ್ ಕಂಡಿಶನ್ ವಿಷ್ಯದಲ್ಲಿ ಭಾರಿ ಕಟ್ಟುನಿಟ್ಟು. ಲಂಡನ್ನಿನ ಎಡ್ವರ್ಡ್ ವಾರ್ಟನ್-ಟೈಗರ್ ಇನ್ನೊಂದು ಅತಿ, ಯುದ್ಧಕಾಲದಲ್ಲಿ ಬ್ರಿಟಿಷರ ಗುಪ್ತ ಕಾರ್ಯಾಚರಣೆಲಿದ್ದೋನು, ಹತ್ತು ಲಕ್ಷಕ್ಕೂ ಜಾಸ್ತಿ ಸಿಗರೇಟ್ ಕಾರ್ಡು ಬ್ರಿಟಿಷ್ ಮ್ಯೂಸಿಯಮ್‌ಗೆ ಬಿಟ್ಟೋದ.

ಇವ್ರನ್ನೆಲ್ಲ ನೆನೆಯೋಕೆ ನಾನ್ ಮಾಡ್ಕೊಂಡಿರೋ ದಾರಿ ಸಿಂಪಲ್, ಆಟಗಾರನ ಹೆಸ್ರು ಬಿಟ್ಟು ಬರ್ಡಿಕ್ ನಂಬರ್ ಪ್ರಕಾರಾನೇ ಆಲ್ಬಮ್ ಜೋಡ್ಸಿದೀನಿ, ಪ್ಲಾಸ್ಟಿಕ್ ಡಬ್ಬಿಲಿ ಸೀಲ್ ಮಾಡಿರೋದು ತಗೊಳಲ್ಲ, ಮೂಲೆ ಸವೆದು ಗೋಂದು ಮೆತ್ತಿರೋದೇ ನಂಗಿಷ್ಟ, ಜೇಬಿಗೂ ಆಗ್ಬರತ್ತೆ. ಕಾರ್ಡು ಬಂದ ತಕ್ಷಣ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಕೆಳಗಡೆ ಆಟಗಾರನ ಹೆಸ್ರು ನೋಡ್ತೀನಿ, ಅಸಲಿ ಆದ್ರೆ ಆ ಕಂದು ಅಕ್ಷರ ಇಂಕು ತುಂಬ್ಕೊಂಡು ಗಟ್ಟಿಯಾಗಿರತ್ತೆ, ರೀಪ್ರಿಂಟ್‌ನಲ್ಲಿ ಹೆಚ್ಚಾಗಿ ಚುಕ್ಕಿ ಚುಕ್ಕಿ ಕಾಣತ್ತೆ. ಆಮೇಲೆ ಮೆಟ್ರೊಪಾಲಿಟನ್ ಮ್ಯೂಸಿಯಮ್ ವೆಬ್‌ಸೈಟಲ್ಲಿ ಬರ್ಡಿಕ್ ಪ್ರತಿ ತೆಗೆದು ಬಣ್ಣ ಹೋಲ್ಸಿ ನೋಡೋದು. ಅವನ ಕಾರ್ಡಿಗೆ ಮ್ಯೂಸಿಯಮ್ ಕೊಟ್ಟಿರೋ ನಂಬರ್ 63.350 ಅಂತ ಶುರುವಾಗತ್ತೆ, 63 ಅಂದ್ರೆ ಅವ್ನು ಸತ್ತ ವರ್ಷಾನೇ.

ಮ್ಯೂಸಿಯಮ್ಮಿಗೇ ಹೋದ್ರೆ ಅಮೆರಿಕನ್ ವಿಂಗಲ್ಲಿ ಆಗಾಗ ಬದಲಾಯಿಸ್ತಾ ಸ್ವಲ್ಪ ಸ್ವಲ್ಪ ಇಡ್ತಾರೆ, ಓಲ್ಡ್ ಜಡ್ಜ್ ಸಿಗರೇಟಿನ ಎನ್172 ಕಾರ್ಡು ಇಟ್ಟಿದ್ರೆ ಬಿಡ್ಬೇಡಿ. 1880ರ ದಶಕದ ನಿಜವಾದ ಫೋಟೊ ಅವು, ಸ್ಟುಡಿಯೋ ಒಳಗೇ ತೆಗೆದಿದ್ದು, ಆಟಗಾರ ಕ್ಯಾಚ್ ಹಿಡಿಯೋ ಪೋಸ್ ಕೊಟ್ಟಿರ್ತಾನೆ, ಚೆಂಡು ಮಾತ್ರ ದಾರದಲ್ಲಿ ನೇತಾಡ್ತಿರತ್ತೆ, ಕೆಲವು ಕಾರ್ಡಲ್ಲಿ ಆ ದಾರ ಚೆನ್ನಾಗೇ ಕಾಣತ್ತೆ.

ಈಗ ನಾನು ಹುಡುಕ್ತಿರೋದು ಹಿಂದ್ಗಡೆ ಪೋಲಾರ್ ಬೇರ್ ಜಾಹೀರಾತಿರೋ ಟಿ206ಗಳು. ಅದು ಸಿಗರೇಟಲ್ಲ, ಚೀಲದಲ್ಲಿ ಬರ್ತಿದ್ದ ಜಗಿಯೋ ತಂಬಾಕಿನ ಚೂರು, ಕಾರ್ಡು ಅದರೊಳಗೇ ಇರ್ತಿದ್ರಿಂದ ಸುಮಾರಿಗೆ ಕಲೆ ಇದ್ದೇ ಇರತ್ತೆ, ಪರ್ವಾಗಿಲ್ಲ. ಯಾರತ್ರನಾದ್ರೂ ಎರಡೆರಡಿದ್ರೆ ಹೇಳಿ, ನನ್ನತ್ರ ಹಿಂದ್ಗಡೆ ಪೀಡ್‌ಮಾಂಟ್ ಸಿಗರೇಟ್ ಜಾಹೀರಾತಿರೋದು ಬೇಕಾದಷ್ಟಿದೆ, ದುಡ್ಡಿನ ಮಾತಿಲ್ದೆ ಬದಲಾಯಿಸ್ಕೊಳ್ಳೋಣ.