ಜೆಎಂಎಫ್‌ಸಿ ಕೋರ್ಟಿನಲ್ಲಿ ನಿಮ್ಮ ವಾಯಿದೆ ಯಾವತ್ತು? ನೀವೇ ನೋಡಿಕೊಳ್ಳಿ

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮಂಡಿಯ ಚೆಕ್ ಬೌನ್ಸ್ ಕೇಸುಗಳಿಗೆ ಜೆಎಂಎಫ್‌ಸಿ ಕೋರ್ಟಿಗೆ, ಅಂದರೆ ತಾಲ್ಲೂಕಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ಹೋಗುವವಳೂ ನಾನೇ. ಅದು ಗೊತ್ತಾದ ಮೇಲೆ, ಕೊಬ್ಬರಿ ತೂಕ ಮುಗಿಸಿದ ರೈತರು "ಅಕ್ಕಾ, ನಂದು ಯಾವತ್ತೈತೆ, ಒಸಿ ನೋಡು" ಅಂತ ಸಮನ್ಸ್ ಕಾಗದ ತಂದು ಮೇಜಿನ ಮೇಲೆ ಇಡುತ್ತಾರೆ. ನಾನು ನೋಡಿ ಹೇಳುತ್ತೇನೆ. ಆದರೆ ಇದನ್ನು ಅವರೇ ನೋಡಿಕೊಳ್ಳುವಂತಾಗಬೇಕು ಅನ್ನುವುದು ನನ್ನ ಆಸೆ. ವಕೀಲರ ಫೋನಿಗೆ ಕಾಯುತ್ತಾ ಕೂತರೆ, ಅವರು ಮರೆತ ದಿನ ವಾರಂಟ್ ಆಗುವುದು ವಕೀಲರಿಗಲ್ಲ, ನಿಮಗೆ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಿಎನ್‌ಆರ್ ನಂಬರ್. ದೇಶದ ಪ್ರತಿ ಕೇಸಿಗೂ ಇಂಥದ್ದೊಂದು ಇರುತ್ತದೆ. ಅಕ್ಷರ, ಅಂಕಿ ಸೇರಿ ಒಟ್ಟು 16. ನಮ್ಮ ರಾಜ್ಯದ್ದಾದರೆ ಇಂಗ್ಲಿಷಿನ ಕೆ, ಎ ಅಕ್ಷರಗಳಿಂದ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ಮಧ್ಯದಲ್ಲಿ ಸೊನ್ನೆಗಳು ಜಾಸ್ತಿ. ಸೊನ್ನೆಯ ಬದಲು 'ಓ' ಅಕ್ಷರ ಒತ್ತಿದರೆ ಕೇಸು ಸಿಗುವುದಿಲ್ಲ. ನಿಮ್ಮ ವಕೀಲರನ್ನು ಕೇಳಿ ಈ ನಂಬರ್ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಕೇಸು.

ಆಮೇಲೆ ಮೊಬೈಲಿನಲ್ಲಿ 'ಇ-ಕೋರ್ಟ್ಸ್ ಸರ್ವೀಸಸ್' ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದು, ದುಡ್ಡಿಲ್ಲ. ನಂಬರ್ ಹಾಕಿದರೆ ಕೇಸಿನ ಪೂರ್ತಿ ಜಾತಕ ಬರುತ್ತದೆ: ಯಾವ ಕೋರ್ಟ್, ಮುಂದಿನ ತಾರೀಖು, ಕೇಸು ಯಾವ ಹಂತದಲ್ಲಿದೆ, ಹಿಂದಿನ ತಾರೀಖುಗಳಲ್ಲಿ ಏನಾಯಿತು. ಹಳೆಯ ತಾರೀಖಿನ ಮೇಲೆ ಒತ್ತಿದರೆ ಆ ದಿನ ಕೋರ್ಟಿನಲ್ಲಿ ಬರೆದ ಸಾಲುಗಳೂ ಕಾಣುತ್ತವೆ. ಇದನ್ನು ಬಹಳ ಜನ ಒತ್ತಿ ನೋಡುವುದೇ ಇಲ್ಲ. 'ಆರೋಪಿ ಗೈರು, ಎನ್‌ಬಿಡಬ್ಲ್ಯೂ' ಅಂತ ಇದ್ದರೆ ಜಾಮೀನಿಲ್ಲದ ವಾರಂಟ್ ಹೊರಟಿದೆ ಅಂತ ಅರ್ಥ. ಪೊಲೀಸರು ಮನೆಗೆ ಬರುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಒಂದು ಸಲ ನೋಡಿದ ಕೇಸನ್ನು 'ಮೈ ಕೇಸಸ್' ಒಳಗೆ ಉಳಿಸಿಕೊಂಡರೆ ಮತ್ತೆ ನಂಬರ್ ಒತ್ತುವ ಕೆಲಸವಿಲ್ಲ.

ಇಂಟರ್ನೆಟ್ ಇಲ್ಲದ ಬಟನ್ ಫೋನಾದರೂ ಪರವಾಗಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'ಇಕೋರ್ಟ್ಸ್' ಅಂತ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಸಿಎನ್‌ಆರ್ ನಂಬರ್ ಸೇರಿಸಿ 9766899899ಕ್ಕೆ ಎಸ್ಎಂಎಸ್ ಕಳಿಸಿ. ಕೇಸಿನ ಸ್ಥಿತಿ ಮೆಸೇಜಿನಲ್ಲೇ ಬರುತ್ತದೆ.

ಸಿಎನ್‌ಆರ್ ಇಲ್ಲದಿದ್ದರೆ ಸಮನ್ಸ್ ಮೇಲಿನ ಕೇಸ್ ನಂಬರ್ ಸಾಕು. ನಂಬರಿನ ಮುಂದಿರುವ ಅಕ್ಷರಗಳನ್ನು ಮಾತ್ರ ಸರಿಯಾಗಿ ನೋಡಿ. ಖಾಸಗಿ ದೂರು, ಅಂದರೆ ನೇರವಾಗಿ ಕೋರ್ಟಿಗೇ ದೂರು ಕೊಟ್ಟಾಗ ಮೊದಲು ಸಿಗುವುದು ಪಿ.ಸಿ.ಆರ್. ನಂಬರ್. ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಂಡ ಮೇಲೆ ಸಿ.ಸಿ. ನಂಬರ್ ಆಗುತ್ತದೆ. ಎರಡೂ ಬೇರೆ ಬೇರೆ. ಹಳೆಯ ಪಿ.ಸಿ.ಆರ್. ನಂಬರನ್ನು ಸಿ.ಸಿ. ಅಂತ ಹಾಕಿ ಹುಡುಕಿದರೆ ಇನ್ಯಾರದ್ದೋ ಕೇಸು ತೆರೆದುಕೊಳ್ಳುತ್ತದೆ. ರಾಜ್ಯ ಕರ್ನಾಟಕ, ಜಿಲ್ಲೆ ತುಮಕೂರು, ಕೋರ್ಟ್ ಕಾಂಪ್ಲೆಕ್ಸ್ ತಿಪಟೂರು, ಹೀಗೆ ನಿಮ್ಮ ಊರನ್ನು ಆರಿಸಿ, ಕೇಸಿನ ಬಗೆ, ನಂಬರ್, ವರ್ಷ ಹಾಕಿ.

ಹೆಸರಿನಿಂದಲೂ ಹುಡುಕಬಹುದು, ಆದರೆ ತಾಳ್ಮೆ ಬೇಕು. ತಿಮ್ಮಯ್ಯ ಅನ್ನುವ ಹೆಸರನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಒಬ್ಬರು 'ಟಿ' ಆದಮೇಲೆ 'ಎಚ್' ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕೊನೆಗೆ ಒಬ್ಬರು 'ಎಐಎಎಚ್', ಇನ್ನೊಬ್ಬರು 'ಎವೈಎ'. ಇನಿಷಿಯಲ್ ಕೆಲವು ಕಡೆ ಹಿಂದೆ, ಕೆಲವು ಕಡೆ ಮುಂದೆ. ಪೂರ್ತಿ ಹೆಸರು ಹಾಕಿದಷ್ಟೂ ಸಿಗುವುದು ಕಷ್ಟ. ಹೆಸರಿನ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಪಟ್ಟಿ ಬಂದ ಮೇಲೆ ಎದುರು ಪಾರ್ಟಿಯ ಹೆಸರು ನೋಡಿ ಗುರುತಿಸಿ. ಪೊಲೀಸ್ ಕೇಸಾದರೆ ಇನ್ನೊಂದು ವಿಷಯ ಇದೆ. ಅಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ದೂರು ಕೊಟ್ಟವರು ನೀವೇ ಆದರೂ ನಿಮ್ಮ ಹೆಸರು ಹಾಕಿದರೆ ಕೇಸು ಸಿಗದೇ ಇರಬಹುದು. ಆಗ ಎಫ್ಐಆರ್ ನಂಬರ್, ಸ್ಟೇಷನ್, ವರ್ಷ ಹಾಕಿ ನೋಡಿ. ಸ್ಟೇಷನ್ನಿನಿಂದ ಕೋರ್ಟ್ ಡ್ಯೂಟಿಗೆ ಬರುವ ಪೇದೆಯನ್ನು ಕೇಳಿದರೂ ಹೇಳುತ್ತಾರೆ, ತಾರೀಖುಗಳೆಲ್ಲ ಅವರ ಡೈರಿಯಲ್ಲಿ ಇರುತ್ತವೆ.

ವಾಯಿದೆಯ ಹಿಂದಿನ ಸಂಜೆ ಆ್ಯಪಿನಲ್ಲೇ ಒಮ್ಮೆ ಕಾಸ್ ಲಿಸ್ಟ್ ನೋಡಿ. ಮರುದಿನ ಆ ಕೋರ್ಟಿಗೆ ಬರುವ ಕೇಸುಗಳ ಪಟ್ಟಿ ಅದು. ಕೋರ್ಟ್ ಆರಿಸಿ, ತಾರೀಖು ಹಾಕಿದ ಮೇಲೆ ಸಿವಿಲ್, ಕ್ರಿಮಿನಲ್ ಅಂತ ಎರಡು ಬಟನ್ ಬರುತ್ತವೆ. ಒತ್ತಬೇಕಾದದ್ದು ಕ್ರಿಮಿನಲ್. ತಾಲ್ಲೂಕಿನಲ್ಲಿ ಒಬ್ಬರೇ ನ್ಯಾಯಾಧೀಶರು ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ ಎರಡೂ ಆಗಿರುತ್ತಾರೆ, ಅದಕ್ಕೇ ಎರಡು ಪಟ್ಟಿ. ನಿಮ್ಮದು ಎಷ್ಟನೇ ನಂಬರ್ ಅಂತ ಬರೆದುಕೊಳ್ಳಿ. ಆದರೆ ನಲವತ್ತನೆಯದು ಅಂತ ಮಧ್ಯಾಹ್ನ ಹೋಗಬೇಡಿ. ಜಾಮೀನು ಅರ್ಜಿ, ಜೈಲಿನಲ್ಲಿರುವವರ ಕೇಸುಗಳನ್ನು ಮೊದಲು ತೆಗೆದುಕೊಳ್ಳುವುದುಂಟು. ಬೆಳಗಿನ ಮೊದಲ ಕರೆಯಲ್ಲಿ ಎಷ್ಟೋ ಕೇಸುಗಳು ನಿಮಿಷಕ್ಕೊಂದರಂತೆ ಓಡುತ್ತವೆ.

ಕಲಾಪ ಶುರುವಾಗುವುದು 11 ಗಂಟೆಗೆ. ಹತ್ತೂವರೆಗೆ ಅಲ್ಲಿರಿ. ಒಂದೇ ಆವರಣದಲ್ಲಿ ಎರಡು ಮೂರು ಕೋರ್ಟ್ ಇರುತ್ತವೆ, ಬಾಗಿಲ ಮೇಲಿನ ಬೋರ್ಡ್ ಓದಿ. ಹೊರಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರು ನೋಡಿ. ಸಮನ್ಸ್, ಆಧಾರ್, ಕೇಸಿಗೆ ಸೇರಿದ ಅಸಲು ಕಾಗದ ಕೈಯಲ್ಲಿರಲಿ. ಮೊಬೈಲ್ ಸೈಲೆಂಟ್ ಮಾಡಿ, ಒಳಗೆ ಫೋಟೋ, ವಿಡಿಯೋ ಬೇಡವೇ ಬೇಡ. ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಿ. ಕೇಸಿಲ್ಲದಿದ್ದರೂ ಸುಮ್ನೆ ಕೂತು ನೋಡಲು ಯಾರು ಬೇಕಾದರೂ ಹೋಗಬಹುದು, ಕೋರ್ಟ್ ಅಂದರೆ ತೆರೆದ ಜಾಗ. ಅತ್ಯಾಚಾರದಂಥ ಪ್ರಕರಣಗಳಲ್ಲಿ ಮಾತ್ರ ಬಾಗಿಲು ಹಾಕಿ ವಿಚಾರಣೆ ಮಾಡುತ್ತಾರೆ. ಮೊದಲ ಸಲ ಸಾಕ್ಷಿ ಹೇಳಬೇಕಾದವರಿಗೆ ನಾನು ಹೇಳುವುದು ಇಷ್ಟೇ: ಹಿಂದಿನ ವಾರ ಒಂದು ಬೆಳಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಬೆಂಚ್ ಕ್ಲರ್ಕ್ ಕೇಸ್ ನಂಬರ್ ಕರೆಯುತ್ತಾರೆ. ಯಾರೂ ಎದ್ದು ಬರದಿದ್ದರೆ ಜವಾನರು ಬಾಗಿಲಿಗೆ ಬಂದು ಹೆಸರು ಕೂಗುತ್ತಾರೆ. ಮೂರು ಸಲ ಕೂಗುವುದು ರೂಢಿ. ಆ ಹೊತ್ತಿಗೆ ನೀವು ಗೇಟಿನ ಆಚೆ ಟೀ ಅಂಗಡಿಯಲ್ಲಿದ್ದರೆ ಕೇಳಿಸುವುದಿಲ್ಲ. ಕೋರ್ಟ್ ಹಾಲಿನ ಒಳಗೇ ಕೂತಿರಿ, ಇದೊಂದನ್ನು ದಯವಿಟ್ಟು ಪಾಲಿಸಿ. ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದರೆ ನೀವೇ ಮುಂದೆ ಹೋಗಿ ನಿಂತು, "ಸ್ವಾಮಿ, ವಕೀಲರು ಬರುತ್ತಿದ್ದಾರೆ, ಪಾಸ್ ಓವರ್ ಕೊಡಿ" ಅನ್ನಿ. ಆಮೇಲೆ ಮತ್ತೊಮ್ಮೆ ಕರೆಯುತ್ತಾರೆ. ಕನ್ನಡದಲ್ಲೇ ಮಾತಾಡಿ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿಯನ್ನೂ ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ.

ಬರಲು ಆಗುವುದೇ ಇಲ್ಲ ಅಂದಾಗ ಸುಮ್ಮನಿರಬೇಡಿ. ಬೆಳಗ್ಗೆಯೇ ವಕೀಲರಿಗೆ ಕಾರಣ ತಿಳಿಸಿ, ಆ ದಿನದ ಹಾಜರಿಗೆ ವಿನಾಯಿತಿ ಅರ್ಜಿ ಹಾಕಿಸಿ. ಆಸ್ಪತ್ರೆಯ ಚೀಟಿ ಇದ್ದರೆ ಕೊಡಿ. ಆರೋಪಿ ಹೇಳದೆ ಕೇಳದೆ ತಪ್ಪಿಸಿಕೊಂಡರೆ ವಾರಂಟ್, ಜಾಮೀನು ನಿಂತವರಿಗೆ ನೋಟಿಸ್. ಚೆಕ್ ಬೌನ್ಸ್ ಕೇಸಿನಲ್ಲಿ ದೂರುದಾರರೇ ಬರದೆ ಇದ್ದರೆ ಆರೋಪಿ ಬಿಡುಗಡೆಯಾಗಿಬಿಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದೂರುದಾರರಿಗೆ 30 ದಿನ ಅವಕಾಶ ಕೊಡಬೇಕು ಅಂತ ಸೇರಿಸಿದ್ದಾರೆ. ಅದನ್ನು ನಂಬಿಕೊಂಡು ಮನೆಯಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ವಾರಂಟ್ ಆಗಿದೆ ಅಂತ ಗೊತ್ತಾದ ತಕ್ಷಣ ವಕೀಲರ ಜೊತೆ ನೀವೇ ಹೋಗಿ, ಅದನ್ನು ವಾಪಸ್ ಪಡೆಯಿರಿ ಅಂತ ಕೇಳುವ ರೀಕಾಲ್ ಅರ್ಜಿ ಹಾಕಿ. ತಾವಾಗಿ ಬಂದವರಿಗೂ ಹಿಡಿದು ತಂದವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಅಲ್ವಾ?

ವಾಟ್ಸ್ಆ್ಯಪಿನಲ್ಲಿ ಕೋರ್ಟಿನ ಹೆಸರಲ್ಲಿ ಕಾಗದ ಕಳಿಸಿ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅದರಲ್ಲಿರುವ ಕೇಸ್ ನಂಬರನ್ನು ಆ್ಯಪಿನಲ್ಲಿ ಹಾಕಿ ನೋಡಿ.

ವಾಯಿದೆ ಮುಗಿದ ಮೇಲೆ ಮುಂದಿನ ತಾರೀಖನ್ನು ಅಲ್ಲೇ ಕೇಳಿಕೊಂಡು, ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನ್ಯಾಯಾಧೀಶರು ರಜೆ ಇದ್ದ ದಿನವೂ ಹೊಸ ತಾರೀಖು ಬೀಳುತ್ತದೆ, ಅದನ್ನೂ ಕೇಳಿಯೇ ಹೊರಡಿ. ಸಂಜೆಗೋ ಮರುದಿನವೋ ಆ್ಯಪಿನಲ್ಲೂ ಅದೇ ತಾರೀಖು ಬಂದಿದೆಯಾ ನೋಡಿ. ಎರಡೂ ಹೊಂದದಿದ್ದರೆ ಬೆಂಚ್ ಕ್ಲರ್ಕ್ ಹತ್ತಿರ ವಿಚಾರಿಸಿ.

ವಕೀಲರನ್ನು ಇಡಲು ಶಕ್ತಿ ಇಲ್ಲದವರು ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ.